ಸಮುದ್ರದ ತಳ ಎಳೆಯದು, ನಮ್ಮ ಬಂಡೆ ಹಳೆಯದು: ಭೂಫಲಕ ಸಿದ್ಧಾಂತವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಚಿಂತಾಮಣಿ ಓದುಗಿ

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ತೋಚದೆ ಇಲ್ಲಿ ಬರೆಯುತ್ತಿದ್ದೇನೆ. ಕಳೆದ ತಿಂಗಳು ಅವಳನ್ನು ಬೆಂಗಳೂರಿನ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದೆ. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಅಲ್ಲಿ ಬೋರ್ಡು ಹಾಕಿದ್ದಾರೆ. ಮನೆಗೆ ಬಂದು ಭೂಗೋಳದ ಪುಸ್ತಕಗಳನ್ನು ತೆರೆದರೆ, ಭೂಮಿಯ ಗಟ್ಟಿ ಹೊರಪದರ ಫಲಕಗಳೆಂಬ ದೊಡ್ಡ ತುಂಡುಗಳಾಗಿ ನಿಧಾನವಾಗಿ ಚಲಿಸುತ್ತದೆ, ಸಾಗರದ ನಡುವಿನ ಏಣುಗಳಲ್ಲಿ, ಅಂದರೆ ನೀರಿನಡಿಯ ಬೆಟ್ಟಸಾಲುಗಳಲ್ಲಿ, ಹೊಸ ನೆಲ ಹುಟ್ಟುತ್ತದೆ, ಸಾಗರತಳದ ಆಳವಾದ ಕಂದಕಗಳಲ್ಲಿ ಹಳೆಯ ನೆಲ ಒಳಗಿಳಿದು ಕರಗುತ್ತದೆ, ಸಾಗರದ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದೇ ಅಪರೂಪ ಎಂದಿದೆ. "ಅಮ್ಮಾ, ಸಮುದ್ರದ ತಳವನ್ನೆಲ್ಲ ನುಂಗುವ ಭೂಮಿ ಈ ಬಂಡೆಯನ್ನು ಮಾತ್ರ ಯಾಕೆ ಬಿಟ್ಟಿತು?" ಎಂದು ಅವಳು ಕೇಳಿದಳು.

ಅವಳ ಸೋದರಮಾವ ಪಕ್ಕದಲ್ಲೇ ಇದ್ದರು. ಫಲಕಗಳು ಚಲಿಸುವುದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಅದು ವಿದ್ವಾಂಸರ ಊಹೆ ಎಂದು ಅವರು ಹೇಳಿಬಿಟ್ಟರು. ಮಗಳು ನನ್ನ ಮುಖ ನೋಡಿದಳು. ನನಗೆ ಒಪ್ಪಲೂ ಆಗಲಿಲ್ಲ, ಅಲ್ಲಗಳೆಯಲೂ ಆಗಲಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ತುಮಕೂರು ಶಿಲಾಪಾಠ

ಮೇಡಂ, ನಿಮ್ಮ ಮಗಳ ಪ್ರಶ್ನೆ ಬಹಳ ಸೂಕ್ಷ್ಮವಾದುದು. ಭೂವಿಜ್ಞಾನ ಕಲಿಸುವ ನಾನು ಅದಕ್ಕೆ ಮೊದಲು ಉತ್ತರಿಸುತ್ತೇನೆ.

ಭೂಚಿಪ್ಪು ಎಂದು ನಾವು ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಎರಡು ಜಾತಿಗಳಿವೆ. ಸಾಗರದ ಚಿಪ್ಪು ಬಸಾಲ್ಟ್ ಜಾತಿಯ ಕಪ್ಪು ಕಲ್ಲಿನದು. ದಪ್ಪ ಸುಮಾರು 7 ಕಿಲೋಮೀಟರ್. ಖಂಡಗಳ ಚಿಪ್ಪು ಗ್ರಾನೈಟ್ ಮತ್ತು ನೈಸ್ (ಬಿಸಿ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು) ಜಾತಿಯ ತಿಳಿಬಣ್ಣದ ಕಲ್ಲಿನದು. ದಪ್ಪ 35ರಿಂದ 40 ಕಿಲೋಮೀಟರ್. ಒಂದು ಲೀಟರ್ ಗಾತ್ರದ ಬಸಾಲ್ಟ್ ಸುಮಾರು 3 ಕಿಲೋ ತೂಗಿದರೆ, ಅಷ್ಟೇ ಗಾತ್ರದ ಗ್ರಾನೈಟ್ 2.7 ಕಿಲೋ ತೂಗುತ್ತದೆ. ಸಾಗರದ ನೆಲ ಏಣಿನಿಂದ ದೂರ ಸರಿದಂತೆಲ್ಲ ತಣ್ಣಗಾಗಿ ಇನ್ನಷ್ಟು ಭಾರವಾಗುತ್ತದೆ, ಕೊನೆಗೆ ಕಂದಕದಲ್ಲಿ ಇಳಿದುಹೋಗುತ್ತದೆ. ಖಂಡದ ಕಲ್ಲು ಹಗುರವಾದ್ದರಿಂದ ಅದನ್ನು ಇಳಿಸುವುದು ಸುಲಭವಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಎಷ್ಟು ಹೊತ್ತು ಮಗುಚಿದರೂ ನೊರೆ ಮೇಲೆಯೇ ಕೂಡಿಕೊಳ್ಳುತ್ತದೆಯಲ್ಲ, ಲಾಲ್‌ಬಾಗಿನ ಬಂಡೆ ಉಳಿದದ್ದೂ ಹೆಚ್ಚುಕಡಿಮೆ ಹಾಗೆಯೇ. ಆ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂಬ ಹೆಸರನ್ನು ಕೊಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನಿಯಾಗಿದ್ದ ಡಬ್ಲ್ಯು. ಎಫ್. ಸ್ಮೀತ್.

ನಿಮ್ಮ ಬರಹದಲ್ಲಿ ಒಂದು ಸಣ್ಣ ತಿದ್ದುಪಡಿ. ಒಳಗಿಳಿದ ಫಲಕ ಅಲ್ಲಿಯೇ ಕರಗಿ ನೀರಾಗುವುದಿಲ್ಲ. ಅದರಲ್ಲಿ ಸೇರಿಕೊಂಡ ನೀರು ಹೊರಬಂದು ಅದರ ಮೇಲಿರುವ ಮ್ಯಾಂಟಲಿಗೆ, ಅಂದರೆ ಭೂಚಿಪ್ಪಿನ ಕೆಳಗಿನ ಬಿಸಿ ಕಲ್ಲಿನ ಪದರಕ್ಕೆ, ತಗಲುತ್ತದೆ, ನೀರು ತಗಲಿದ ಕಲ್ಲು ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ, ಆ ಕರಗಿದ ದ್ರವವೇ ಜ್ವಾಲಾಮುಖಿಗಳಿಗೆ ಆಹಾರ. ಫಲಕದ ಹೆಚ್ಚಿನ ಭಾಗ ಗಟ್ಟಿಯಾಗಿಯೇ ಆಳಕ್ಕೆ ಹೋಗುತ್ತದೆ.

ಶಿರಾ ಸೀಮೆಯವ

ನಾನು ಮೂವತ್ತು ವರ್ಷ ಸೇತುವೆ, ಕಾಲುವೆಗಳ ಕೆಲಸ ಮಾಡಿಸಿ ನಿವೃತ್ತನಾದ ಎಂಜಿನಿಯರ್. ಆ ಸೋದರಮಾವನ ಮಾತನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ನನಗೂ ಮೂರು ಸಂದೇಹಗಳಿವೆ. ಅವನ್ನು ಗೌರವದಿಂದಲೇ ಮುಂದಿಡುತ್ತೇನೆ.

ಕಲ್ಲಿನ ವಯಸ್ಸನ್ನು ಅಳೆಯುವ ಗಡಿಯಾರ ಸರಿಯಾಗಿ ನಡೆದಿದೆ ಎಂಬುದಕ್ಕೆ ಸಾಕ್ಷಿ ಯಾವುದು? ಅರ್ಧದಲ್ಲಿ ನಿಂತ ಗಡಿಯಾರವನ್ನೂ ನೋಡಿದವನು ಗಂಟೆ ಹೇಳಬಲ್ಲ. ಎರಡನೆಯದಾಗಿ, ಫಲಕ ಗಟ್ಟಿಯಾದ ಒಂದೇ ಹಲಗೆಯಾಗಿದ್ದರೆ ಅಂಚಿನಿಂದ ಅಷ್ಟು ದೂರದ ಲಾತೂರಿನಲ್ಲಿ 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನ ಸತ್ತ ಭೂಕಂಪ ಏಕಾಯಿತು? ಮೂರನೆಯದು ನನ್ನ ಮುಖ್ಯ ತಕರಾರು. ಇಂದು ಫಲಕ ಚಲಿಸುತ್ತಿದೆ ಎಂದು ಒಪ್ಪಿದರೂ, 250 ಕೋಟಿ ವರ್ಷಗಳ ಹಿಂದೆಯೂ ಹೀಗೆಯೇ ಚಲಿಸುತ್ತಿತ್ತು ಎಂದು ಹೇಳಲು ಯಾರಿಗೆ ಅಧಿಕಾರವಿದೆ? ಇಂದಿನ ನದಿಯ ಹರಿವನ್ನು ನೋಡಿ ನೂರು ವರ್ಷದ ಹಿಂದಿನ ಪ್ರವಾಹವನ್ನು ಲೆಕ್ಕ ಹಾಕುವಾಗಲೇ ನಾವು ತಪ್ಪುತ್ತೇವೆ.

ಮುಳಬಾಗಿಲು ಮೇಷ್ಟ್ರು

ಶಿರಾದ ಯಜಮಾನರೇ, ಮೂರನೆಯ ಸಂದೇಹವನ್ನು ಬಲ್ಲವರಿಗೆ ಬಿಡುತ್ತೇನೆ. ಆದರೆ ಇದು ಬರೀ ಊಹೆಯಲ್ಲ ಎಂಬುದಕ್ಕೆ ನಾನು ತರಗತಿಯಲ್ಲಿ ಹೇಳುವ ಸಂಗತಿಯೊಂದಿದೆ.

ಜರ್ಮನಿಯ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳು ಅಲೆದಾಡಿವೆ ಎಂದು ಮೊದಲ ಬಾರಿಗೆ ಸಭೆಯಲ್ಲಿ ಹೇಳಿದರು. ಅದೇ ವರ್ಷ ದಕ್ಷಿಣ ಧ್ರುವದಿಂದ ಮರಳುತ್ತಿದ್ದ ಬ್ರಿಟಿಷ್ ಅನ್ವೇಷಕ ಸ್ಕಾಟ್ ಮತ್ತು ಸಂಗಡಿಗರು ಹಿಮದಲ್ಲಿ ಪ್ರಾಣ ಬಿಟ್ಟರು. ನಡೆಯಲೂ ಶಕ್ತಿಯಿಲ್ಲದ ಆ ಜನ ಸುಮಾರು 16 ಕಿಲೋ ಕಲ್ಲುಗಳನ್ನು ಕೊನೆಯವರೆಗೂ ಜಾರುಬಂಡಿಯಲ್ಲಿ ಎಳೆದುಕೊಂಡು ಬಂದಿದ್ದರು. ಅವುಗಳಲ್ಲಿ ಗ್ಲಾಸೊಪ್ಟೆರಿಸ್ ಎಂಬ ಸಸ್ಯದ ಎಲೆಯ ಅಚ್ಚುಗಳಿದ್ದವು. ಅದೇ ಎಲೆಯ ಅಚ್ಚು ನಮ್ಮ ದೇಶದ ಕಲ್ಲಿದ್ದಲ ಗಣಿಗಳಲ್ಲಿ ಸಿಗುತ್ತದೆ. ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಸಿಗುತ್ತದೆ. ಈ ನೆಲಗಳೆಲ್ಲ ಒಂದಾಗಿದ್ದಾಗಿನ ಮಹಾಖಂಡಕ್ಕೆ ಇಟ್ಟ ಗೊಂಡ್ವಾನ ಎಂಬ ಹೆಸರು ನಮ್ಮ ಗೊಂಡರ ನಾಡಿನದು. ಈ ಕಥೆ ಹೇಳುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ.

ತಿಪಟೂರು ತೆಂಗಿನಮನೆ

ಭೂಮಿಯೇ ಉಬ್ಬುತ್ತಿದೆ, ಆದ್ದರಿಂದ ಖಂಡಗಳು ದೂರವಾದವು ಎಂಬ ವಾದವನ್ನು ಒಂದು ವಿಡಿಯೋದಲ್ಲಿ ನೋಡಿದ್ದೆ. ಎಲೆಯ ಅಚ್ಚುಗಳ ಸಾಕ್ಷಿ ಅದಕ್ಕೂ ಸರಿಹೋಗುತ್ತದೆಯಲ್ಲವೇ?

ತುಮಕೂರು ಶಿಲಾಪಾಠ

ಸರಿಹೋಗುತ್ತದೆ, ಆದ್ದರಿಂದಲೇ ಎಲೆಯ ಅಚ್ಚು ಒಂದೇ ಸಾಲದು. ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ವಾರನ್ ಕ್ಯಾರಿ ಎಂಬ ದೊಡ್ಡ ಭೂವಿಜ್ಞಾನಿ ಭೂಮಿ ಉಬ್ಬುತ್ತಿದೆ ಎಂಬ ವಾದವನ್ನು ಬಹಳ ಕಾಲ ಎತ್ತಿ ಹಿಡಿದಿದ್ದರು. ಆದರೆ ಉಪಗ್ರಹಗಳ ಅಳತೆಯಲ್ಲಿ ಭೂಮಿಯ ತ್ರಿಜ್ಯ ಗುರುತಿಸುವಷ್ಟು ಬೆಳೆದೇ ಇಲ್ಲ. ಇದ್ದರೂ ವರ್ಷಕ್ಕೆ ಮಿಲಿಮೀಟರಿನ ಸಣ್ಣ ಭಾಗಕ್ಕಿಂತ ಹೆಚ್ಚಿಲ್ಲ. ಏಣಿನಲ್ಲಿ ಹುಟ್ಟಿದಷ್ಟು ನೆಲ ಕಂದಕಗಳಲ್ಲಿ ಇಳಿಯುತ್ತಿದೆ.

ಈಗ ಶಿರಾದ ಸರ್ ಅವರ ಗಡಿಯಾರದ ಮಾತು. ಜಿರ್ಕಾನ್ ಎಂಬ ಸಣ್ಣ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಇಂದು ಅದರೊಳಗೆ ಸಿಗುವ ಸೀಸ ಬಹುಪಾಲು ಯುರೇನಿಯಂ ಕ್ಷಯಿಸಿ ಬಂದದ್ದು. ಮುಖ್ಯವಾದ ಮಾತು ಇಲ್ಲಿದೆ: ಒಂದೇ ಹರಳಿನಲ್ಲಿ ಎರಡು ಗಡಿಯಾರಗಳಿವೆ. ಯುರೇನಿಯಂ 238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ, ಯುರೇನಿಯಂ 235ಕ್ಕೆ ಸುಮಾರು 70 ಕೋಟಿ ವರ್ಷ. ಇಷ್ಟು ಭಿನ್ನ ವೇಗದ ಎರಡು ಗಡಿಯಾರಗಳು ಒಂದೇ ವಯಸ್ಸು ತೋರಿಸಿದರೆ ಮಾತ್ರ ನಾವು ಅದನ್ನು ಭರವಸೆಯಿಂದ ಸ್ವೀಕರಿಸುತ್ತೇವೆ. ನಡುವೆ ಸೀಸ ಸೋರಿದ್ದರೆ ಎರಡೂ ಬೇರೆಬೇರೆ ಹೇಳುತ್ತವೆ, ಸೋರಿಕೆ ಅಲ್ಲಿಯೇ ಬಯಲಾಗುತ್ತದೆ.

ಚಲನೆಯ ವಿಚಾರಕ್ಕೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಜಿಪಿಎಸ್ ಕೇಂದ್ರವೊಂದು 1990ರ ದಶಕದಿಂದ ಕೆಲಸ ಮಾಡುತ್ತಿದೆ. ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಮೂವತ್ತು ವರ್ಷಗಳಲ್ಲಿ ಸುಮಾರು ಒಂದೂವರೆ ಮೀಟರ್. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಎಲ್ಲವೂ ಅದರ ಜೊತೆಯಲ್ಲೇ ಹೋಗುತ್ತಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಯಾರೂ ಕಂಡಿಲ್ಲ ಎಂಬ ಮಾತು 1912ರಲ್ಲಿ ನ್ಯಾಯವಾಗಿತ್ತು, ಇಂದು ಅಲ್ಲ.

ಶಿರಾ ಸೀಮೆಯವ

ಎರಡು ಗಡಿಯಾರಗಳ ವಿವರಣೆ ನನಗೆ ಒಪ್ಪಿಗೆಯಾಯಿತು. ನಾವೂ ಒಂದು ಮಟ್ಟವನ್ನು ಎರಡು ಕಡೆಯಿಂದ ಅಳೆದು ತಾಳೆ ನೋಡುತ್ತಿದ್ದೆವು. ಲಾತೂರಿಗೆ ಉತ್ತರ ಬರಲಿಲ್ಲ.

ಗುಡಿಬಂಡೆ ರೈತ

ಲಾತೂರು ಏಕೆ, ನಮ್ಮ ಜಿಲ್ಲೆಯಲ್ಲೇ ಆಯಿತಲ್ಲ! 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ ನೆಲ ನಡುಗಿ ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿದ್ದರು. ಆ ವರ್ಷ ನಮ್ಮ ಕೆರೆಗಳು ಎಷ್ಟೋ ಕಾಲದ ನಂತರ ಕೋಡಿ ಹರಿದಿದ್ದವು. ಸಾವಿರ ಅಡಿ ಬೋರು ಕೊರೆದು ನೀರೆಲ್ಲ ಬಸಿದದ್ದಕ್ಕೆ ಭೂಮಿ ಕುಸಿಯುತ್ತಿದೆ ಎಂದು ಊರಿನಲ್ಲಿ ಮಾತನಾಡಿಕೊಂಡರು. ಅದು ನಿಜವೇ?

ತುಮಕೂರು ಶಿಲಾಪಾಠ

ಅಣ್ಣ, ನಿಮ್ಮ ಪ್ರಶ್ನೆಯಲ್ಲೇ ಲಾತೂರಿನ ಉತ್ತರವೂ ಅಡಗಿದೆ. ಹಿಮಾಲಯದಲ್ಲಿ ಭಾರತದ ಫಲಕ ಏಷ್ಯಾಕ್ಕೆ ಒತ್ತಿಕೊಂಡಿದೆ, ಆ ಒತ್ತಡ ಫಲಕದ ಉದ್ದಕ್ಕೂ ಹರಡಿರುತ್ತದೆ. ಗಟ್ಟಿ ಎಂದರೆ ಬಿರುಕೇ ಇಲ್ಲದ್ದು ಎಂದರ್ಥವಲ್ಲ. ಕೋಟ್ಯಂತರ ವರ್ಷಗಳ ಹಳೆಯ ಬಿರುಕುಗಳು ಒಳಗಿರುತ್ತವೆ. ಅವುಗಳಲ್ಲಿ ಒಂದು ಎಂದೋ ಒಮ್ಮೆ ಜಾರುತ್ತದೆ. ಹಳೆಯ ತೊಲೆಯ ಮೇಲೆ ಭಾರ ಹೇರಿದರೆ ಗಂಟಿರುವ ಕಡೆಯೇ ಸೀಳುತ್ತದೆ.

2021ರಲ್ಲಿ ನಿಮ್ಮ ಕಡೆ ಆದದ್ದು 3ರ ಆಸುಪಾಸಿನ ತೀವ್ರತೆಯ ಸಣ್ಣ ಕಂಪನ. ಗ್ರಾನೈಟಿನ ನೆಲ ಬೋರಿನಿಂದ ನೀರೆತ್ತಿದ್ದಕ್ಕೆ ಮೆದುಮಣ್ಣಿನಂತೆ ಕುಸಿಯುವುದಿಲ್ಲ, ಏಕೆಂದರೆ ಕಲ್ಲಿನ ಭಾರವನ್ನು ಹೊತ್ತಿರುವುದು ಕಲ್ಲೇ. ನೀರು ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಭಾರಿ ಮಳೆಯ ನಂತರ ಖಾಲಿ ಬಿರುಕುಗಳಿಗೆ ನೀರು ನುಗ್ಗಿ, ಅಲ್ಲಿನ ಒತ್ತಡ ಹೆಚ್ಚಿ, ಸಣ್ಣ ಜಾರುವಿಕೆಗಳು ಆಗುವುದುಂಟು. ನೀವು ಹೇಳಿದ ಕೋಡಿ ಬಿದ್ದ ಕೆರೆಗಳ ಮಾತು ಅದಕ್ಕೆ ಹೊಂದುತ್ತದೆ.

ಚಾಂಪಿಯನ್ ರೀಫ್ ಮನೆಮಗ

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಿಂದ ಬರೆಯುತ್ತಿದ್ದೇನೆ. ನಮ್ಮ ತಾತ, ತಂದೆ ಇಬ್ಬರೂ ಗಣಿಯೊಳಗೆ ಇಳಿದವರು. ಇಷ್ಟು ಹೊತ್ತು ಬೆಂಗಳೂರು, ಹಿಮಾಲಯ, ದಕ್ಷಿಣ ಧ್ರುವ ಎಲ್ಲವೂ ಬಂದವು. 3.2 ಕಿಲೋಮೀಟರ್ ಆಳಕ್ಕೆ ಇಳಿದು ಕಲ್ಲನ್ನು ಕೈಯಿಂದ ಮುಟ್ಟಿದ ಊರು ನಿಮ್ಮ ಪಕ್ಕದಲ್ಲೇ ಇದೆ. ಅದರ ಹೆಸರನ್ನು ಯಾರೂ ಎತ್ತಲಿಲ್ಲ.

ನಮ್ಮ ತಂದೆ ಹೇಳುತ್ತಿದ್ದರು: ತಳದಲ್ಲಿ ಬಂಡೆಯ ಮೇಲೆ ಅಂಗೈ ಇಟ್ಟರೆ ತಟ್ಟನೆ ಹಿಂದಕ್ಕೆ ತೆಗೆಯಬೇಕು. ಅಲ್ಲಿ ಕಲ್ಲಿನ ಉಷ್ಣತೆ 65 ಡಿಗ್ರಿಯ ಆಸುಪಾಸಿನಲ್ಲಿತ್ತು. ಅವರು ಹೆಚ್ಚು ಹೆದರುತ್ತಿದ್ದುದು ರಾಕ್ ಬರ್ಸ್ಟಿಗೆ. ಸುತ್ತಲಿನ ಒತ್ತಡ ತಾಳಲಾರದೆ ಬಂಡೆ ಸಿಡಿಯುವ ಸದ್ದು ಆ ತಲೆಮಾರಿನ ಯಾರ ಕಿವಿಯಿಂದಲೂ ಹೋಗಿಲ್ಲ. ಮೇಲೆ ಮನೆಗಳಲ್ಲಿ ಪಾತ್ರೆಗಳು ಅಲುಗಾಡಿದರೆ ಹೆಂಗಸರು ಶಾಫ್ಟಿನ ಕಡೆಗೆ ಓಡುತ್ತಿದ್ದರು. ನೆಲದೊಳಗಿನ ಒತ್ತಡ ಊಹೆಯೇ ಅಲ್ಲವೇ ಎಂಬುದನ್ನು ನಮ್ಮ ಓಣಿಯ ಮುದುಕಿಯರನ್ನು ಕೇಳಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಉಳಿದಿರುವುದು ಚಿನ್ನ ತೆಗೆದ ಮೇಲಿನ ಪುಡಿಮಣ್ಣಿನ ಸೈನೈಡ್ ಗುಡ್ಡಗಳು.

ಪ್ರಪಂಚದ ಅತ್ಯಂತ ಹಳೆಯ ಕಲ್ಲು ನಮ್ಮ ಕೋಲಾರದ್ದೇ ಎಂದು ನಮ್ಮ ತಾತ ಹೆಮ್ಮೆಯಿಂದ ಹೇಳುತ್ತಿದ್ದರು. ಮೇಡಂ ಅವರ ಮಗಳಿಗೆ ಅದನ್ನೂ ತಿಳಿಸಿ.

ತುಮಕೂರು ಶಿಲಾಪಾಠ

ನಿಮ್ಮ ಮನೆಯವರು ಕಂಡದ್ದಕ್ಕೆ ನನ್ನ ನಮಸ್ಕಾರ. ಆದರೆ ಹುಡುಗಿಗೆ ತಪ್ಪು ಸಂಖ್ಯೆ ಹೋಗಬಾರದು. ಕೋಲಾರದ ಕಪ್ಪು ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ನಮ್ಮ ರಾಜ್ಯದಲ್ಲೇ ಹಾಸನ ಜಿಲ್ಲೆಯ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷದ್ದು. ಕೆನಡಾದ ಅಕಾಸ್ಟಾ ನೈಸ್ 400 ಕೋಟಿ ದಾಟಿದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳೊಂದು 440 ಕೋಟಿ ವರ್ಷದ್ದು. ಭೂಮಿಯ ವಯಸ್ಸೇ 454 ಕೋಟಿ. ಅಂದರೆ ಭೂಮಿ ಹುಟ್ಟಿ ಬಹಳ ಕಾಲವಾಗುವ ಮೊದಲೇ ಒಂದು ಬಗೆಯ ಚಿಪ್ಪು ಗಟ್ಟಿಯಾಗಿತ್ತು, ಆ ಬಂಡೆ ಅಳಿದುಹೋಗಿ ಹರಳು ಮಾತ್ರ ಉಳಿದಿದೆ.

ನೀವು ಹೇಳಿದ 65 ಡಿಗ್ರಿ ಮಾತ್ರ ಬಹಳ ಅಮೂಲ್ಯವಾದ ಸಂಖ್ಯೆ. ಸಾಮಾನ್ಯವಾಗಿ ಖಂಡಗಳಲ್ಲಿ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಏರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಚಾಂಪಿಯನ್ ರೀಫ್ ಗಣಿಯ ತಳ ನೂರು ಡಿಗ್ರಿ ಮೀರಿರಬೇಕಿತ್ತು, ಅಲ್ಲಿ ಮನುಷ್ಯ ಕೆಲಸ ಮಾಡುವ ಮಾತೇ ಇರುತ್ತಿರಲಿಲ್ಲ. ನಮ್ಮ ನೆಲ ಅಷ್ಟು ತಣ್ಣಗಿರುವುದು ಅದು ಬಹಳ ಹಳೆಯದು ಎಂಬುದರಿಂದ. ತಣ್ಣಗಿನ ನೆಲ ಗಟ್ಟಿ, ಗಟ್ಟಿಯಾದ ನೆಲ ಸುಲಭವಾಗಿ ಸೀಳುವುದಿಲ್ಲ. "ಈ ಬಂಡೆಯನ್ನು ಯಾಕೆ ಬಿಟ್ಟಿತು" ಎಂಬ ಪ್ರಶ್ನೆಗೆ ನಿಮ್ಮ ತಂದೆಯ ಅಂಗೈ ಅರ್ಧ ಉತ್ತರ ಕೊಟ್ಟಿದೆ.

ಚಾಂಪಿಯನ್ ರೀಫ್ ಮನೆಮಗ

ತಾತನ ಮಾತು ತಪ್ಪೆಂದು ತಿಳಿದು ಸ್ವಲ್ಪ ಬೇಸರವಾಯಿತು, ಆದರೆ ತಂದೆಯ ಮಾತಿಗೆ ಇಂಥ ಅರ್ಥವಿದೆಯೆಂದು ಗೊತ್ತಿರಲಿಲ್ಲ. ಇದನ್ನು ಇಂದೇ ಅಮ್ಮನಿಗೆ ಓದಿ ಹೇಳುತ್ತೇನೆ.

ಶಿರಾ ಸೀಮೆಯವ

ಎಲ್ಲವೂ ಸರಿ. ನನ್ನ ಮೂರನೆಯ ತಕರಾರನ್ನು ಯಾರೂ ಮುಟ್ಟಿಲ್ಲ. ಇಂದಿನ 5 ಸೆಂಟಿಮೀಟರ್ ಅಳತೆಯಿಂದ 270 ಕೋಟಿ ವರ್ಷದ ಹಿಂದಿನ ಕೋಲಾರಕ್ಕೆ ಹೇಗೆ ಹೋಗುತ್ತೀರಿ?

ತುಮಕೂರು ಶಿಲಾಪಾಠ

ಸರ್, ತಪ್ಪಿಸಿಕೊಳ್ಳುವ ಉದ್ದೇಶ ನನಗಿಲ್ಲ. ಸುಮಾರು 20 ಕೋಟಿ ವರ್ಷಗಳವರೆಗೆ ಸಾಗರದ ತಳವೇ ದಾಖಲೆಪುಸ್ತಕ. ಬ್ರಿಟಿಷ್ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ಏಣಿನ ಎರಡೂ ಬದಿಗಳಲ್ಲಿರುವ ಕಾಂತಪಟ್ಟಿಗಳ, ಅಂದರೆ ಭೂಕಾಂತ ತಿರುಗುಮುರುಗಾದಾಗಲೆಲ್ಲ ಹೊಸದಾಗಿ ಹುಟ್ಟಿದ ನೆಲದಲ್ಲಿ ಉಳಿದ ಗುರುತುಗಳ, ಅರ್ಥವನ್ನು ಬಿಡಿಸಿದರು. ಅವರು ನೋಡಿದ ಅಳತೆಗಳು ನಮ್ಮ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಏಣಿನವು. ಅದರ ಹಿಂದಕ್ಕೆ ಹೋದರೆ ಆ ಪುಸ್ತಕದ ಹಾಳೆಗಳನ್ನು ಕಂದಕಗಳು ನುಂಗಿವೆ, ಸಾಕ್ಷಿ ಖಂಡಗಳ ಕಲ್ಲಿನಲ್ಲಿ ಮಾತ್ರ ಉಳಿದಿದೆ. ಫಲಕಗಳ ಚಲನೆ ಯಾವಾಗ ಆರಂಭವಾಯಿತು ಎಂಬುದರ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. 400 ಕೋಟಿ ವರ್ಷಕ್ಕೂ ಹಿಂದೆ ಎನ್ನುವವರಿದ್ದಾರೆ, 300 ಕೋಟಿಯ ಸುಮಾರಿಗೆ ಎನ್ನುವವರು ಹಲವರು, 100 ಕೋಟಿಯಿಂದ ಈಚೆಗೆ ಎನ್ನುವವರೂ ಇದ್ದಾರೆ. ಕೊನೆಯವರ ಕೈಯಲ್ಲಿ ಬಲವಾದ ಆಧಾರವೇ ಇದೆ: ತಣ್ಣಗಿನ ಫಲಕ ಆಳಕ್ಕೆ ಇಳಿದಾಗ ಮಾತ್ರ ಹುಟ್ಟುವ ನೀಲಿ ಶಿಸ್ಟ್ ಎಂಬ ಶಿಲೆ ಬಹಳ ಹಳೆಯ ನೆಲಗಳಲ್ಲಿ ಸಿಕ್ಕಿಲ್ಲ. ಆಗಿನ ಮ್ಯಾಂಟಲ್ ಇಂದಿಗಿಂತ ಬಿಸಿಯಾಗಿತ್ತು, ಆದ್ದರಿಂದ ಅಂಥ ಶಿಲೆ ಹುಟ್ಟಲಾರದು ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ.

ಈ ವಾದಕ್ಕೆ ಕೋಲಾರವೇ ಒಂದು ಕಣ. ಅಲ್ಲಿನ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಕೆಲವೇ ಕಿಲೋಮೀಟರ್. ಅದರೊಳಗೆ ಕೊಮಟಿಯೈಟ್ ಜಾತಿಯ ಲಾವಾ ಇದೆ. ಅದು ಹರಿಯಲು ಸುಮಾರು 1600 ಡಿಗ್ರಿ ಬಿಸಿ ಬೇಕು, ಇಂದಿನ ಯಾವ ಜ್ವಾಲಾಮುಖಿಯೂ ಅಷ್ಟು ಬಿಸಿಯಾದ ಲಾವಾ ಉಗುಳುವುದಿಲ್ಲ. ದಿಂಬು ಜೋಡಿಸಿದಂತೆ ಕಾಣುವ ಲಾವಾ ಕೂಡ ಇದೆ, ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಆ ರೂಪ ತಾಳುತ್ತದೆ. ಪಟ್ಟಿಯ ಪಶ್ಚಿಮದ ನೈಸ್ ಮತ್ತು ಪೂರ್ವದ ನೈಸ್ ಎರಡರ ಸೀಸದ ಲೆಕ್ಕ ನೋಡಿದರೆ ಮೂಲವೇ ಬೇರೆಯೆಂದು ಕಾಣುತ್ತದೆ. ಪಶ್ಚಿಮದ್ದರಲ್ಲಿ 320 ಕೋಟಿ ವರ್ಷಕ್ಕೂ ಹಳೆಯ ಚಿಪ್ಪಿನ ಅಂಶ ಬೆರೆತಿದೆ, ಪೂರ್ವದ್ದರಲ್ಲಿ ಇಲ್ಲ. ದೂರದೂರವಿದ್ದ ಎರಡು ನೆಲಗಳು ಬಂದು ಕೂಡಿದ ಹೊಲಿಗೆಯೇ ಕೋಲಾರ ಎಂದು ಒಂದು ಪಕ್ಷ ಹೇಳುತ್ತದೆ. ಆಳದಿಂದ ಬಿಸಿ ಮ್ಯಾಂಟಲ್ ಕಂಬದಂತೆ ಉಕ್ಕಿ ಬಂದಾಗ ಭಾರವಾದ ಕಪ್ಪು ಲಾವಾ ಕೆಳಗೆ ಜೋತುಬಿದ್ದು, ಹಗುರವಾದ ಗ್ರಾನೈಟ್ ಅಕ್ಕಪಕ್ಕದಲ್ಲಿ ಗುಮ್ಮಟವಾಗಿ ಮೇಲೆದ್ದಿತು, ಫಲಕಗಳ ಕೂಡುವಿಕೆ ಬೇಕಿಲ್ಲ ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ನನ್ನ ಒಲವು ಹೊಲಿಗೆಯ ಕಡೆಗಿದೆ, ಆದರೆ ಗುಮ್ಮಟದ ವಾದ ಮುಗಿದಿಲ್ಲ.

ಶಿರಾ ಸೀಮೆಯವ

ಇದನ್ನು ಮೊದಲೇ ಹೀಗೆ ಹೇಳಿದ್ದರೆ ನಾನು ಇಷ್ಟು ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಪಠ್ಯಗಳಲ್ಲಿ ಅಳೆದದ್ದನ್ನೂ ಊಹಿಸಿದ್ದನ್ನೂ ಒಂದೇ ದನಿಯಲ್ಲಿ ಬರೆಯುವುದೇ ನನ್ನ ಕೋಪಕ್ಕೆ ಕಾರಣ.

ಮುಳಬಾಗಿಲು ಮೇಷ್ಟ್ರು

ಆ ಕೋಪ ನ್ಯಾಯವಾದುದು, ಯಜಮಾನರೇ. ಒಂಬತ್ತನೆಯ ತರಗತಿಗೆ ನಲವತ್ತು ನಿಮಿಷದ ಅವಧಿಯಲ್ಲಿ ಎರಡು ಪಕ್ಷಗಳನ್ನೂ ಹೇಳಲು ನಮಗೆ ಸಮಯವಿರುವುದಿಲ್ಲ, ಆದರೂ ಹೇಳಬೇಕು.

ಕೊರಟಗೆರೆ ಕಲ್ಲುಕೆಲಸ

ನಾನು ಚಪ್ಪಡಿ, ಸೈಜುಗಲ್ಲು ತೆಗೆಸುವವನು. ಬಿಳಿ ಬಂಡೆಯ ನಡುವೆ ಗೋಡೆ ಕಟ್ಟಿದ ಹಾಗೆ ಕರಿಕಲ್ಲು ಪೂರ್ವ ಪಶ್ಚಿಮವಾಗಿ ಹಾದುಹೋಗಿರುತ್ತದೆ. ಉಳಿ ಇಟ್ಟರೆ ಬಿಳಿಕಲ್ಲಿನ ಹಾಗೆ ಹದವಾಗಿ ಸೀಳುವುದಿಲ್ಲ, ಸುತ್ತಿಗೆ ಬಿದ್ದರೆ ಗಂಟೆಯ ಸದ್ದು ಬರುತ್ತದೆ. ಆ ಕಲ್ಲು ಬಿಳಿ ಬಂಡೆಯೊಳಗೆ ಹೇಗೆ ಬಂತು? ಅದರಿಂದ ನಿಮ್ಮ ವಾದಕ್ಕೆ ಏನಾದರೂ ಉಪಯೋಗವಿದೆಯೇ?

ತುಮಕೂರು ಶಿಲಾಪಾಠ

ಬಹಳ ಉಪಯೋಗವಿದೆ, ಅಣ್ಣ. ರಾಮನಗರದಿಂದ ಪಾವಗಡದ ಕಡೆಗೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಅದೂ ಸುತ್ತಲಿನ ನೈಸೂ ತಣ್ಣಗಾಗಿ ಗಟ್ಟಿಯಾದ ಮೇಲೆ ನೆಲ ಸೀಳಿತು, ಆಳದ ಬಸಾಲ್ಟ್ ದ್ರವ ಆ ಸೀಳುಗಳಿಗೆ ನುಗ್ಗಿ ಹೆಪ್ಪುಗಟ್ಟಿತು. ಬೆಂಗಳೂರಿನ ಸುತ್ತಮುತ್ತ ಪೂರ್ವ ಪಶ್ಚಿಮವಾಗಿ ಸಾಗುವ ಇಂಥ ಕರಿಕಲ್ಲಿನ ಗೋಡೆಗಳಲ್ಲಿ ಒಂದು ದೊಡ್ಡ ಗುಂಪು ಸುಮಾರು 237 ಕೋಟಿ ವರ್ಷದ್ದು.

ಕರಿಕಲ್ಲಿನಲ್ಲಿ ಕಬ್ಬಿಣದಂಶದ ಸಣ್ಣ ಕಣಗಳಿರುತ್ತವೆ. ಕಲ್ಲು ತಣ್ಣಗಾಗುವಾಗ ಅವುಗಳ ಕಾಂತಗುಣ ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದು ಹಾಗೆಯೇ ನಿಂತುಬಿಡುತ್ತದೆ. ಸಮಭಾಜಕದ ಬಳಿ ಆ ದಿಕ್ಕು ಅಡ್ಡವಾಗಿರುತ್ತದೆ, ಧ್ರುವದ ಬಳಿ ನೆಟ್ಟಗೆ ನಿಂತಿರುತ್ತದೆ. ಈ ಗುಂಪಿನ ಕಲ್ಲುಗಳಲ್ಲಿ ಅದು ಬಹುತೇಕ ನೆಟ್ಟಗಿದೆ. ಅಂದರೆ ಬಿಸಿಲಿಗೆ ಹೆಸರಾದ ನಮ್ಮ ಬಯಲುಸೀಮೆಯ ಈ ನೆಲ ಆಗ ಧ್ರುವದ ಸಮೀಪದಲ್ಲಿತ್ತು.

ಚಿಂತಾಮಣಿ ಓದುಗಿ

ಇದನ್ನು ಮಗಳಿಗೆ ಓದಿ ಹೇಳಿದೆ. ಊಟದ ತಟ್ಟೆಯ ಮುಂದಿನಿಂದ ಎದ್ದು ಬಂದು ಎರಡು ಸಲ ತಾನೇ ಓದಿಕೊಂಡಳು.

ಶಿರಾ ಸೀಮೆಯವ

ತಡೆಯಿರಿ. ನೆಲ ಚಲಿಸಿತೆಂದೇ ಏಕೆ ಹೇಳಬೇಕು? ಇಡೀ ಭೂಮಿಯ ಮೇಲ್ಚಿಪ್ಪು ಒಂದೇ ಉಂಡೆಯಾಗಿ ಧ್ರುವಕ್ಕೆ ಹೋಲಿಸಿದರೆ ವಾಲಿರಬಹುದಲ್ಲ? ಹಾಗಾಗಿದ್ದರೆ ಫಲಕಗಳು ಬೇಕಿಲ್ಲ.

ತುಮಕೂರು ಶಿಲಾಪಾಠ

ಇದು ನಿಮ್ಮ ಅತ್ಯುತ್ತಮ ಪ್ರಶ್ನೆ, ಸರ್. ಒಂದೇ ನೆಲದ ಕಲ್ಲಿನಿಂದ ಅವೆರಡನ್ನೂ ಬೇರ್ಪಡಿಸಲು ಸಾಧ್ಯವೇ ಇಲ್ಲ. ಎರಡು ಬೇರೆ ಖಂಡಗಳಿಂದ ಒಂದೇ ವಯಸ್ಸಿನ ಕರಿಕಲ್ಲುಗಳನ್ನು ಜೋಡಿ ಜೋಡಿಯಾಗಿ ಅಳೆಯಬೇಕು. ಇಡೀ ಚಿಪ್ಪು ಒಟ್ಟಿಗೆ ವಾಲಿದ್ದರೆ ಎರಡರ ನಡುವಿನ ಅಂತರ ಎಲ್ಲ ಕಾಲದಲ್ಲೂ ಒಂದೇ ಆಗಿರುತ್ತದೆ. ಬೇರೆಬೇರೆಯಾಗಿ ಚಲಿಸಿದ್ದರೆ ಅಂತರ ಬದಲಾಗಿರುತ್ತದೆ. ಅದಕ್ಕೆ ವಯಸ್ಸು ಮತ್ತು ದಿಕ್ಕು ಎರಡೂ ಖಚಿತವಾಗಿರುವ ಕಲ್ಲುಗಳು ಬೇಕು, ಅಂಥವು ಇನ್ನೂ ಸಾಲದು.

ಕೊರಟಗೆರೆ ಕಲ್ಲುಕೆಲಸ

ನಮ್ಮ ಕ್ವಾರಿಯಲ್ಲಿ ಮುಂದಿನ ವಾರ ಕರಿಕಲ್ಲಿನ ಪಟ್ಟಿಯನ್ನು ಒಡೆಸಬೇಕಾಗಿದೆ. ನಿಮ್ಮ ವಿದ್ಯಾರ್ಥಿಗಳಿಗೆ ಬೇಕಿದ್ದರೆ ತುಂಡುಗಳನ್ನು ತೆಗೆದಿಡಿಸುತ್ತೇನೆ.

ತುಮಕೂರು ಶಿಲಾಪಾಠ

ಖಂಡಿತ ಬೇಕು, ಅಣ್ಣ. ಆದರೆ ದಯವಿಟ್ಟು ನಾವು ಬರುವವರೆಗೆ ಒಡೆಯಿಸಬೇಡಿ. ಬಂಡೆ ಇದ್ದ ಜಾಗದಲ್ಲಿರುವಾಗಲೇ ಅದರ ಮೇಲೆ ಉತ್ತರ ದಿಕ್ಕಿನ ಗೆರೆ ಎಳೆದು, ಯಾವುದು ಮೇಲ್ಮುಖ ಎಂದು ಗುರುತು ಹಾಕಬೇಕು. ಕಿತ್ತು ಪಕ್ಕಕ್ಕಿಟ್ಟ ಮೇಲೆ ಅದು ಯಾವ ಕಡೆಗೆ ಮುಖ ಮಾಡಿತ್ತೆಂದು ಯಾರಿಗೂ ಹೇಳಲಾಗದು. ಸಿಡಿಲು ಬಡಿದ ಮರ ಹತ್ತಿರವಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಸಿಡಿಲಿನ ವಿದ್ಯುತ್ತು ಹಳೆಯ ಕಾಂತವನ್ನು ಅಳಿಸಿರುತ್ತದೆ.

ಕೊರಟಗೆರೆ ಕಲ್ಲುಕೆಲಸ

ಸರಿ ಸರ್, ಹುಡುಗರಿಗೆ ಆ ಕಡೆ ಕೈ ಹಾಕಬೇಡಿ ಎಂದು ಹೇಳಿದ್ದೇನೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಬನ್ನಿ. ಚಿಂತಾಮಣಿಯ ಅಕ್ಕ ಮಗಳನ್ನು ಕರೆದುಕೊಂಡು ಬಂದರೆ ಗೆರೆಯನ್ನು ಅವಳ ಕೈಯಲ್ಲೇ ಎಳೆಸೋಣ.